ಬರೀ ನೀರಿನಲ್ಲಿ ಕಂಡ ಬಿಳಿ

ಆ ಒಂದು ಮಳೆಗಾಲಕ್ಕೆ ನಾನು ಒಂದು ಕಾಲೇಜು, ಅದರ ಬೆನ್ನಿಗೇ ಮೂರು ಹೈಸ್ಕೂಲು, ಮತ್ತು ಹತ್ತೊಂಬತ್ತು ವರ್ಷ ಕಟ್ಟಿಕೊಂಡು ಬಂದ ಹೆಸರಿನಲ್ಲಿ ಅರ್ಧವನ್ನು ತೆತ್ತಿದ್ದೇನೆ. ಅಷ್ಟು ತೆತ್ತು ಉಳಿಸಿದ್ದು ಏನೆಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ನಾಲ್ಕು ಕ್ಯಾನ್ ನೀರು. ಬ್ಯಾಟರಿಗೆ ಹಾಕುತ್ತಾರಲ್ಲ, ಆ ಜಾತಿಯ ಶುದ್ಧ ನೀರು. ಪಟ್ಟಿಯಿಂದ ಅದನ್ನು ಹೊಡೆದು ಹಾಕಿದರೆ ನನ್ನ ಬಿಲ್ಲು ಮಂಗಳೂರಿನ ವ್ಯಾಪಾರಿಯದಕ್ಕಿಂತ ಕೆಳಗೆ ಇಳಿಯುತ್ತಿತ್ತು. ಹೊಡೆದು ಹಾಕಿದೆ. ಕಾರಣ ಇಷ್ಟೇ.

ಕಳೆದ ವಾರ ಬೆಳ್ತಂಗಡಿಯಲ್ಲಿ ಬಸ್ಸಿಳಿದು ಚಾ ಕುಡಿಯಲು ಹೋಟೆಲಿಗೆ ಹೊಕ್ಕಿದ್ದೆ. ಮೇಜಿನ ಮೇಲೆ ಬಿಸಿನೀರಿನ ಲೋಟ ಬಂತು. ಬಾಯಿಯ ಹತ್ತಿರ ತರುವಾಗಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಮಳೆಗಾಲದಲ್ಲಿ ನಮ್ಮ ಕಡೆ ಇದು ಹೊಸತೇನಲ್ಲ. ಎಲ್ಲಾದರೂ ಕಾಮಾಲೆ ಕಾಣಿಸಿಕೊಂಡಿತೆಂದರೆ ಊರಿನ ಬಾವಿಗಳಿಗೆಲ್ಲ ಪುಡಿ ಬೀಳುತ್ತದೆ. ಪಕ್ಕದ ಮೇಜಿನವರು ಆರಾಮವಾಗಿ ಕುಡಿಯುತ್ತಿದ್ದರು. ನಾನು ಲೋಟವನ್ನು ದೂರ ಸರಿಸಿದೆ. ಆರೋಗ್ಯದ ಚಿಂತೆಯಿಂದಲ್ಲ, ಹಳೆಯ ಸಿಟ್ಟು ಎದ್ದುದರಿಂದ.

ನನ್ನ ಅಂಗಡಿ ಬಿ.ಸಿ.ರೋಡಿನಲ್ಲಿದೆ. ಶಾಲೆ ಕಾಲೇಜುಗಳ ಪ್ರಯೋಗಾಲಯಕ್ಕೆ ಬೇಕಾದ ಸಾಮಾನು ಮಾರುತ್ತೇನೆ: ಪ್ರನಾಳ, ಬೀಕರು, ಬರ್ನರು, ಆಸಿಡ್ಡು, ಬಗೆಬಗೆಯ ಉಪ್ಪು. ನಾನೇನು ವಿಜ್ಞಾನ ಓದಿದವಳಲ್ಲ. ಹತ್ತನೆಯ ತರಗತಿಯಲ್ಲಿ ಅದೇ ವಿಷಯದಲ್ಲಿ ಒಮ್ಮೆ ಬಿದ್ದು ಎದ್ದವಳು. ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ಕ್ಲಿನಿಕ್ಕುಗಳ ಹಿಂದೆ ಬಿಸಾಡಿದ ಔಷಧದ ಬಾಟಲಿಗಳನ್ನು ಹೆಕ್ಕಿ, ಬೂದಿ ಹಾಕಿ ತೊಳೆದು, ಒಂದು ಹೈಸ್ಕೂಲಿನ ಮೇಷ್ಟ್ರಿಗೆ ಮಾರಿದ್ದೆ. ವ್ಯಾಪಾರ ಶುರುವಾದದ್ದು ಹಾಗೆ. ಬಾಟಲಿಯೊಳಗೆ ಏನು ಹಾಕುತ್ತಾರೆ ಎಂಬುದನ್ನು ಆಮೇಲೆ ಕಲಿತೆ. ಕಲಿಯದೆ ಉಪಾಯವಿರಲಿಲ್ಲ, ಮೇಲಿನ ವ್ಯಾಪಾರಿಗಳು ಮೋಸ ಮಾಡುತ್ತಿದ್ದರು. ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ನೀರಿಗೆ ಹಾಕಿ, ತಿಳಿ ಬಸಿದು, ಅದಕ್ಕೆ ಅನಿಲ ಬಿಟ್ಟಾಗ ನೀರು ಹಾಲಾದರೆ ಅದು ಇಂಗಾಲದ ಡೈಆಕ್ಸೈಡು. ಮೂಗಿಗೆ ಕೊಳೆತ ಮೊಟ್ಟೆ ಹೊಡೆದರೆ ಹೈಡ್ರೋಜನ್ ಸಲ್ಫೈಡು. ಒದ್ದೆ ಕೆಂಪು ಲಿಟ್ಮಸ್ಸು ನೀಲಿಯಾಗಿ ಕಣ್ಣಲ್ಲಿ ನೀರು ಬಂದರೆ ಅಮೋನಿಯಾ. ಮೀನು ಮಾರ್ಕೆಟಿನಲ್ಲಿ ಕಿವಿರು ಎತ್ತಿ ನೋಡುವುದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಮಾಲು ತಾನೇ ಮಾತಾಡುತ್ತದೆ, ಕೇಳುವವರು ಬೇಕು.

ಆ ಕಾಲೇಜಿನ ಹೆಸರು ಹೇಳುವುದಿಲ್ಲ. ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಜೂನಿನ ಮೊದಲ ವಾರ, ಪ್ರಾಂಶುಪಾಲರ ಕೋಣೆಯಲ್ಲಿ ಕೂತು ವರ್ಷದ ಪಟ್ಟಿಯ ಮೇಲೆ ಚೌಕಾಸಿ ನಡೆದಿತ್ತು. ಮಂಗಳೂರಿನವರು ಕಡಿಮೆಗೆ ಬರೆದಿದ್ದಾರೆ ಎಂದು ಅವರು ಕಾಗದ ತೋರಿಸಿದರು. ನಾನು ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ಕೊನೆಯ ಸಾಲಿನ ಶುದ್ಧ ನೀರಿನ ಮೇಲೆ ಪೆನ್ನು ಎಳೆದೆ.

"ಇದು ಎಂತಕ್ಕೆ ಸರ್? ನಿಮ್ಮ ಬಾವಿ ನೀರು ಕನ್ನಡಿಯ ಹಾಗೆ ಉಂಟು. ಈ ಊರಿಗೆ ನೀರು ಹೊತ್ತು ತಂದು ಮಾರ್ಲಿಕ್ಕೆ ನನಗೇ ನಾಚಿಕೆ ಆಗ್ತದೆ."

ಪ್ರಾಂಶುಪಾಲರು ನಕ್ಕರು. "ನೀವು ಉಂಟಲ್ಲ ವಾರಿಜಕ್ಕ, ಮಾತಿನಲ್ಲೇ ಬಿಲ್ಲು ಇಳಿಸ್ತೀರಿ" ಎಂದು ಸಹಿ ಹಾಕಿದರು. ನಾನು ಗೆದ್ದೆನೆಂದು ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಬಂದೆ.

ಜುಲೈಯಲ್ಲಿ ಮಳೆ ಹಗಲು ರಾತ್ರಿಯೆನ್ನದೆ ಹೊಯ್ಯಿತು. ಆ ಭಾಗದಲ್ಲಿ ಕಾಮಾಲೆ ಎದ್ದಿತು. ಕಾಲೇಜಿನ ಹಾಸ್ಟೆಲಿನಲ್ಲಿಯೂ ಇಬ್ಬರು ಹುಡುಗಿಯರಿಗೆ ಕಣ್ಣು ಹಳದಿಯಾಯಿತು. ಹೆದರಿದ ಆಡಳಿತದವರು ಬಾವಿಗೆ ಬ್ಲೀಚಿಂಗ್ ಪೌಡರನ್ನು ಅಳತೆಯಿಲ್ಲದೆ ಸುರಿಸಿದರು. ಮೂರು ದಿನಕ್ಕೊಮ್ಮೆ ಮತ್ತೆ ಸುರಿಸಿದರು. ನಲ್ಲಿ ತಿರುಗಿಸಿದರೆ ಆಸ್ಪತ್ರೆಯ ವರಾಂಡದ ವಾಸನೆ. ಎಲ್ಲರೂ ಮೂಗು ಮುರಿದರು, ಕಾಯಿಸಿ ಕುಡಿದರು, ಮರೆತರು. ಅದೇ ನಲ್ಲಿಯ ನೀರು ಪ್ರಯೋಗಾಲಯಕ್ಕೂ ಬರುತ್ತದೆ ಎಂಬುದು ಯಾರ ತಲೆಗೂ ಹೋಗಲಿಲ್ಲ. ಅಲ್ಲಿ ಸಾಮಾನು ಇಳಿಸಲು ಹೋದಾಗ ನಾನೂ ಆ ನೀರಿನಲ್ಲಿ ಕೈ ತೊಳೆದಿದ್ದೇನೆ.

ಸೆಪ್ಟೆಂಬರಿನಲ್ಲಿ ರಸಾಯನಶಾಸ್ತ್ರದ ಇಂದ್ರ ಸರ್ ಫೋನು ಮಾಡಿದರು. ಇಪ್ಪತ್ತು ವರ್ಷ ಪಾಠ ಮಾಡಿದವರು, ಮೆತ್ತಗಿನ ಮನುಷ್ಯ. ಅವತ್ತು ಅವರ ಧ್ವನಿ ಬೇರೆಯಿತ್ತು.

"ವಾರಿಜಕ್ಕ, ನೀವು ಕೊಟ್ಟ ಉಪ್ಪಿನಲ್ಲಿ ಬೆರಕೆ ಉಂಟು. ಪ್ರಾಂಶುಪಾಲರು ನಿಮ್ಮನ್ನು ಬರ್ಲಿಕ್ಕೆ ಹೇಳಿದ್ದಾರೆ. ಬೇರೆ ಶಾಲೆಯವರಿಗೂ ತಿಳಿಸ್ಬೇಕು ಅಂತ ಇದ್ದಾರೆ."

ಬೆರಕೆ! ದರ ಜಾಸ್ತಿ ಎಂದು ಬೈಯಲಿ, ತಡವಾಯಿತು ಎಂದು ಬೈಯಲಿ, ಸಹಿಸುತ್ತೇನೆ. ನನ್ನ ವ್ಯಾಪಾರಕ್ಕೆ ಇರುವ ಬಂಡವಾಳವೇ "ವಾರಿಜಕ್ಕನ ಮಾಲು ಚೊಕ್ಕ" ಎನ್ನುವ ಒಂದು ಮಾತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲ ಒಂದು ಬಸ್ಸಿನ ದೂರ. ಒಂದು ಸ್ಟಾಫ್ ರೂಮಿನಲ್ಲಿ ಬೆರಕೆ ಎಂದರೆ ಸಂಜೆಯೊಳಗೆ ಎಲ್ಲ ಸ್ಟಾಫ್ ರೂಮಿನಲ್ಲೂ ಬೆರಕೆಯೇ.

ನಡೆದದ್ದು ಹೀಗೆ. ಮಧ್ಯಾವಧಿಯ ಪ್ರಾಯೋಗಿಕ ಪರೀಕ್ಷೆ. ಪ್ರತಿಯೊಬ್ಬರಿಗೂ ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ, ಅದು ಯಾವ ಉಪ್ಪೆಂದು ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಅವತ್ತು ಕೊಟ್ಟದ್ದು ಸ್ಟ್ರಾನ್ಷಿಯಂ ನೈಟ್ರೇಟು. ಮೂವತ್ತೊಂಬತ್ತು ಮಕ್ಕಳಲ್ಲಿ ಮೂವತ್ತೆಂಟು ಮಂದಿ ಸರಿಯಾಗಿ ಬರೆದರು. ರಿಫಾ ಎಂಬ ಹುಡುಗಿ ಮಾತ್ರ ನೈಟ್ರೇಟಿನ ಜೊತೆಗೆ ಕ್ಲೋರೈಡೂ ಇದೆ ಎಂದು ಬರೆದಳು. ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟಾಗ ನೀರು ಬೆಳ್ಳಗಾಯಿತು, ಬೆಳ್ಳಗಾದರೆ ಕ್ಲೋರೈಡು ಎಂದು ಪುಸ್ತಕದಲ್ಲಿದೆ, ಹಾಗಾಗಿ ಬರೆದೆ ಎಂದಳು. ಒಂದೇ ಉಪ್ಪಿನಲ್ಲಿ ಎರಡು ಬರಲಿಕ್ಕಿಲ್ಲ ಎಂದು ಇಂದ್ರ ಸರ್ ಕೆಂಪು ಗೆರೆ ಎಳೆದು ಅಂಕ ಕಡಿದರು. ಅವಳು ಬಿಡಲಿಲ್ಲ. "ನೀವೇ ಒಮ್ಮೆ ಮಾಡಿ ನೋಡಿ ಸರ್" ಎಂದಳಂತೆ. ಅವರು ಮಾಡಿದರು. ಬೆಳ್ಳಗಾಯಿತು. ಹಾಗಾದರೆ ಉಪ್ಪಿನಲ್ಲಿ ಬೆರಕೆ, ಉಪ್ಪು ಕೊಟ್ಟವಳು ವಾರಿಜ.

ನನಗೆ ಮೊದಲು ಹೊಳೆದ ಪ್ರಶ್ನೆ, ಉಳಿದ ಮೂವತ್ತೆಂಟು ಮಂದಿಗೆ ಆ ಬಿಳಿ ಯಾಕೆ ಕಾಣಲಿಲ್ಲ ಎಂಬುದು. ಉತ್ತರ ನನಗೆ ಗೊತ್ತಿತ್ತು, ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಲ್ಯಾಬಿನ ಅಟೆಂಡರ್ ಗುಲಾಬಿ ಮುಂಡಾಜೆಯಿಂದ ಬರುವ ಹೆಂಗಸು, ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಾಳೆ. ಉಪ್ಪಿನ ಡಬ್ಬಿಗಳಿಗೆ ಬಣ್ಣ ಬಣ್ಣದ ಮುಚ್ಚಳ ಹಾಕಿಟ್ಟವಳು ಅವಳೇ. ಪರೀಕ್ಷೆಯ ಬೆಳಿಗ್ಗೆ ಮಕ್ಕಳು ಬಾಗಿಲಲ್ಲಿ "ಗುಲಾಬಿಯಕ್ಕಾ, ಇವತ್ತು ಯಾವ ಮುಚ್ಚಳ?" ಎನ್ನುತ್ತಾರೆ. ಅವಳು ಬೈಯುವಂತೆ ಮಾಡಿ "ಹಸಿರು ಸೊಪ್ಪು ತಿನ್ನಿ, ಬುದ್ಧಿ ಬರ್ತದೆ" ಎನ್ನುತ್ತಾಳೆ. ಹಸಿರೆಂದರೆ ಸ್ಟ್ರಾನ್ಷಿಯಂ ನೈಟ್ರೇಟು. ಮತ್ತೆ ಪ್ರನಾಳವನ್ನು ನೋಡುವ ಅಗತ್ಯವೇ ಇಲ್ಲ. ಕಂದು ಹೊಗೆ, ಕಂದು ಉಂಗುರ, ಕಡುಗೆಂಪು ಜ್ವಾಲೆ, ಕ್ಲೋರೈಡ್ ಇಲ್ಲ ಎಂದು ರೆಕಾರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದರಾಯಿತು. ರಿಫಾ ಮಾತ್ರ ಮುಚ್ಚಳ ಕೇಳಿದವಳಲ್ಲ. ಗುಲಾಬಿಗೆ ಇದು ಪಾಪದ ಮಕ್ಕಳಿಗೆ ಮಾಡುವ ಉಪಕಾರ. ಸರ್‌ಗೆ ಫಲಿತಾಂಶ ಚೆನ್ನಾಗಿ ಬಂದರೆ ಸಾಕು. ಜುಲೈಯಿಂದ ಸೆಪ್ಟೆಂಬರಿನವರೆಗೆ ಆ ಲ್ಯಾಬಿನಲ್ಲಿ ಪ್ರತಿ ಪ್ರನಾಳವೂ ಬೆಳ್ಳಗಾಗುತ್ತಿತ್ತು, ಪ್ರತಿ ಪುಸ್ತಕದಲ್ಲೂ "ಬದಲಾವಣೆ ಇಲ್ಲ" ಎಂದು ಬರೆದಿತ್ತು!

ಮರುದಿನ ಹೋದೆ. ಲ್ಯಾಬಿನಲ್ಲಿ ಇಂದ್ರ ಸರ್, ಗುಲಾಬಿ, ಮತ್ತು ಕರೆಸಿದ್ದ ರಿಫಾ. ಸಣ್ಣ ಆಕೃತಿ, ಕಪ್ಪು ಶಿರವಸ್ತ್ರ, ದೊಡ್ಡವರ ಮುಖ ನೋಡಿ ಮಾತಾಡುವ ಹುಡುಗಿ. ಕೊಕ್ಕಡದಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ ಎಂದು ಗುಲಾಬಿ ಹೇಳಿದಳು.

ಸರ್ ಹಸಿರು ಮುಚ್ಚಳದ ಡಬ್ಬಿಯಿಂದ ಚಿಟಿಕೆ ತೆಗೆದು ನೀರಿನಲ್ಲಿ ಕರಗಿಸಿ, ನೈಟ್ರಿಕ್ ಆಸಿಡ್ ಹಾಕಿ, ಕಂದು ಬಾಟಲಿಯಿಂದ ಸಿಲ್ವರ್ ನೈಟ್ರೇಟ್ ಬಿಟ್ಟರು. ಅಕ್ಕಿ ತೊಳೆದ ನೀರಿನ ಹಾಗೆ ಆಯಿತು.

"ನೋಡಿದ್ರಲ್ಲ?"

"ಈ ಡಬ್ಬಿ ಒಡೆದದ್ದು. ಒಡೆಯದ್ದು ತನ್ನಿ" ಎಂದೆ.

ಸೀಲು ಮುರಿದು ಹೊಸತರಿಂದ ಮಾಡಿದರು. ಅದೂ ಬೆಳ್ಳಗೆ. ಸತುವಿನ ಸಲ್ಫೇಟಿನಿಂದ ಮಾಡಿಸಿದೆ. ಅದೂ ಬೆಳ್ಳಗೆ. ನನಗೆ ತಲೆ ಕೆಟ್ಟಿತು.

"ಎಲ್ಲದಕ್ಕೂ ಬೆರೆಸಿದ್ದೇನಾ ಸರ್? ಮೂರು ಡಬ್ಬಿಯ ಸೀಲು ಒಡೆದು, ಒಂದೇ ಬೆರಕೆ ಹಾಕಿ, ಮತ್ತೆ ಸೀಲು ಮಾಡ್ಲಿಕ್ಕೆ ನನಗೆ ಬೇರೆ ಕೆಲಸ ಇಲ್ವಾ?"

"ಕಣ್ಣೆದುರು ಕಾಣ್ತದಲ್ಲ ಮಾರಾಯ್ತಿ! ನಾನೆಂತ ಸುಳ್ಳು ಹೇಳುದಾ?"

ಆಗ ನನ್ನ ಬಾಯಿಂದ ಬಂದದ್ದು ವಿಜ್ಞಾನವಲ್ಲ, ಸಂತೆಯ ಬುದ್ಧಿ. ಖಾಲಿ ತಕ್ಕಡಿಯ ಮುಳ್ಳು ಎಲ್ಲಿ ನಿಂತಿದೆ ಎಂದು ನೋಡದೆ ನಾನು ಕಾಲು ಕಿಲೋ ಬೂತಾಯಿ ಮೀನನ್ನೂ ತೂಗಿಸಿದವಳಲ್ಲ.

"ಸರ್, ಉಪ್ಪು ಹಾಕದೆ ಮಾಡಿ."

"ಉಪ್ಪು ಹಾಕದೆ ಪರೀಕ್ಷೆ ಮಾಡುದು ಯಾವುದನ್ನು?"

"ಯಾವುದನ್ನೂ ಅಲ್ಲ. ಖಾಲಿ ತಕ್ಕಡಿ ನೋಡುವ."

ರಿಫಾ ಮುಂದೆ ಬಂದಳು. ತೊಳೆದ ಪ್ರನಾಳ ತೆಗೆದು, ನಲ್ಲಿಯಿಂದ ನೀರು ಹಿಡಿದು, ಆಸಿಡ್ ಬಿಟ್ಟು, ಸಿಲ್ವರ್ ನೈಟ್ರೇಟಿನ ಎರಡು ಹನಿ ಹಾಕಿದಳು. ಬರೀ ನೀರು ಬೆಳ್ಳಗಾಯಿತು.

ಬಾವಿಗೆ ಸುರಿದ ಬ್ಲೀಚಿಂಗ್ ಪೌಡರಿನ ಕ್ಲೋರಿನ್ನೇ ನೀರಿನಲ್ಲಿ ಕ್ಲೋರೈಡಾಗಿ ಕೂತಿತ್ತು. ಇಂದ್ರ ಸರ್ ಪ್ರನಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಾವು ಓದುವಾಗ ಮೊದಲು ಇದನ್ನೇ ಮಾಡಿಸ್ತಿದ್ರು" ಎಂದರು, ನಮ್ಮಲ್ಲಿ ಯಾರಿಗೂ ಅಲ್ಲ. ಆಮೇಲೆ ಗುಲಾಬಿಯ ಕಡೆ ತಿರುಗಿದರು. "ನಲ್ಲಿ ನೀರು ಇಟ್ಟಿದ್ದೀಯಾ? ಶುದ್ಧ ನೀರು ಎಲ್ಲಿ ಹೋಯ್ತು?"

"ಈ ವರ್ಷ ಅದು ಬಂದೇ ಇಲ್ಲ ಸರ್. ಕಂದು ಬಾಟಲಿಯ ಸಿಲ್ವರ್ ನೈಟ್ರೇಟ್ ಕರಗಿಸಿದ್ದೇ ಹೋದ ವರ್ಷ ಉಳಿದ ಶುದ್ಧ ನೀರಿನಲ್ಲಿ. ಆಫೀಸಿನಲ್ಲಿ ಕೇಳಿದೆ, ಪಟ್ಟಿಯಲ್ಲಿ ಇಲ್ಲ ಅಂದ್ರು."

"ನನಗೆ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?"

"ಹೇಳಿದ್ದೆ ಸರ್. ನೋಡುವ ಅಂದಿದ್ರಿ."

ನಾನು ಚೀಲವನ್ನು ಕಂಕುಳಿಗೆ ಒತ್ತಿಕೊಂಡೆ. ಅದರಲ್ಲಿ, ಬಿಲ್ ಪುಸ್ತಕದ ನಡುವೆ, ಆ ಪಟ್ಟಿಯ ಪ್ರತಿ ಇತ್ತು. ನನ್ನ ಉಪ್ಪು ಚೊಕ್ಕ ಎಂದು ಸಾಬೀತಾಗಿತ್ತು. ಅಷ್ಟಕ್ಕೇ ಅಲ್ಲವೇ ನಾನು ಬಂದದ್ದು? ಗೆದ್ದ ಹಾಗೆ ನಡೆದು ಹೊರಗೆ ಬಂದೆ. ಬಸ್ಸಿಗೆ ಕಾಯುವಾಗ ರಿಫಾ ಕೊಡೆ ಹಿಡಿದು ಪಕ್ಕದಲ್ಲಿ ನಿಂತಳು.

"ಅಕ್ಕಾ, ಪಟ್ಟಿಯಿಂದ ನೀರು ತೆಗೆದದ್ದು ಯಾರು?"

"ಅದೆಲ್ಲ ಆಫೀಸಿನವರ ವಿಷಯ ಮಗಾ. ನಿನ್ನ ಬಸ್ಸು ಬಂತು ನೋಡು."

ಬಸ್ಸು ಬಂದಿರಲಿಲ್ಲ.

ಎರಡು ದಿನ ಬಿಟ್ಟು ಗುಲಾಬಿ ಫೋನು ಮಾಡಿದಳು. ಸೋಮವಾರದಿಂದ ಬರುವುದು ಬೇಡ ಎಂದಿದ್ದಾರಂತೆ. ಅಳಲಿಲ್ಲ ಅವಳು. "ನೀರು ಕೊಡದೆ ನೀರು ಯಾಕೆ ಹಾಕ್ಲಿಲ್ಲ ಅಂತ ಕೇಳ್ತಾರೆ, ಎಂತ ಹೇಳುದು ನಾನು?" ಎಂದಳು. ನನಗೆ ಲೆಕ್ಕ ಸ್ಪಷ್ಟವಾಗಿತ್ತು. ಮೂವತ್ತೆಂಟು ಪುಸ್ತಕಗಳಲ್ಲಿ ಸುಳ್ಳು ಬರೆದದ್ದರ ಮಾತು ಏಳಬಾರದೆಂದರೆ ಒಬ್ಬರು ಬೀಳಬೇಕು. ನಾನು ತಪ್ಪಿಸಿಕೊಂಡೆ, ಸರ್ ಬೀಳುವವರಲ್ಲ, ಉಳಿದದ್ದು ಗುತ್ತಿಗೆಯವಳು. ಒಂದು ಹಗಲು ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆ. ಸುಮ್ಮನಿದ್ದರೆ ನನಗೆ ನಷ್ಟವಿಲ್ಲ. ಬೇರೆ ಯಾವ ವ್ಯಾಪಾರಿಯಾದರೂ ಸುಮ್ಮನಿರುತ್ತಿದ್ದ, ನಾನೂ ಇನ್ನೊಂದು ದಿನ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಆ ಹುಡುಗಿ ಬರೀ ನೀರನ್ನು ಎತ್ತಿ ಹಿಡಿದದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ. ಅವಳ ಎದುರು ನನ್ನ ಬಾಯಿಂದ ಬಂದದ್ದು ಬೆರಕೆ ಮಾತು.

ಪಟ್ಟಿ ಹಿಡಿದುಕೊಂಡು ಹೋಗಿ ಪ್ರಾಂಶುಪಾಲರ ಮೇಜಿನ ಮೇಲೆ ಇಟ್ಟೆ. "ಗೆರೆ ಎಳೆದದ್ದು ನಾನು ಸರ್. ಗುಲಾಬಿಯದ್ದು ತಪ್ಪಿಲ್ಲ."

ಅವರು ಕಾಗದ ನೋಡಿದರು. ಕೆಳಗೆ ಅವರದೇ ಸಹಿಯೂ ಇತ್ತಲ್ಲ, ಅದರ ಮೇಲೆ ಪೇಪರ್‌ವೆಯ್ಟ್ ಇಟ್ಟರು.

"ಹಾಗಾದ್ರೆ ತಪ್ಪು ನಿಮ್ಮದೇ ಅಂತ ಆಯ್ತು."

"ಅರ್ಧ ನನ್ನದು."

"ಚೌಕಾಸಿ ಇಲ್ಲಿ ಬೇಡ ವಾರಿಜಕ್ಕ." ಅವರು ನಗಲಿಲ್ಲ. "ಗುಲಾಬಿ ಬರ್ಲಿ. ಮುಂದಿನ ವರ್ಷದಿಂದ ಸಾಮಾನು ನಾವು ಮಂಗಳೂರಿನಿಂದ ತರಿಸ್ತೇವೆ."

"ಆಗ್ಲಿ ಸರ್. ಆ ಹುಡುಗಿಯ ಅಂಕ?"

ಇಂದ್ರ ಸರ್ ಅಲ್ಲೇ ಇದ್ದರು. ರಿಜಿಸ್ಟರಿನಲ್ಲಿ ಏರಿಸಿ ಆಗಿದೆ ಎಂದರು. ತಿದ್ದಿದರೆ ಯಾಕೆ ತಿದ್ದಿದ್ದು ಎಂದು ಮೇಲಿನಿಂದ ಕೇಳುತ್ತಾರೆ. ಹೇಗೂ ಡಬ್ಬಿಯಲ್ಲಿ ಇದ್ದದ್ದು ಸ್ಟ್ರಾನ್ಷಿಯಂ ನೈಟ್ರೇಟ್ ಮಾತ್ರ, ಅವಳು ಕ್ಲೋರೈಡ್ ಎಂದು ಬರೆದಿದ್ದಾಳೆ, ತಪ್ಪು ತಪ್ಪೇ.

"ಅವಳಿಗೆ ಕಂಡದ್ದನ್ನು ಬರೆದಳು. ನಿಮಗೂ ಕಂಡಿತು ಸರ್, ನನಗೂ ಕಂಡಿತು!"

"ಕಂಡದ್ದಕ್ಕೆ ಅಂಕ ಕೊಡ್ಲಿಕ್ಕೆ ಆಗುದಿಲ್ಲ ವಾರಿಜಕ್ಕ. ಉತ್ತರಕ್ಕೆ ಕೊಡುದು."

ಈ ಮಾತಿಗೆ ನಾನು ಎಷ್ಟು ವಾದಿಸಿದೆನೋ ಲೆಕ್ಕವಿಲ್ಲ. ಇಡೀ ಜೀವಮಾನದಲ್ಲಿ ಯಾವ ದರವನ್ನೂ ಇಳಿಸದೆ ಎದ್ದು ಬಂದವಳಲ್ಲ ನಾನು. ಅವತ್ತು ಅರ್ಧ ಅಂಕವನ್ನೂ ಏರಿಸಲಾಗಲಿಲ್ಲ. ವರಾಂಡದಲ್ಲಿ ಗುಲಾಬಿ ಸಿಕ್ಕಿದಳು. ಧನ್ಯವಾದ ಗಿನ್ಯವಾದ ಏನಿಲ್ಲ. "ಅವತ್ತೇ ಹೇಳ್ಲಿಕ್ಕೆ ನಿಮಗೆ ಎಂತ ದಾಡಿ ಆಗಿತ್ತು?" ಎಂದು ಬೈದು ಒಳಗೆ ಹೋದಳು. ಸರಿಯಾಗಿಯೇ ಬೈದಳು.

ಆ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಬಸ್ಸು ಹತ್ತಿತ್ತು. ವಾರಿಜಕ್ಕ ಉಪ್ಪಿನಲ್ಲಿ ಮೋಸ ಮಾಡಿಲ್ಲ ಎಂಬ ಭಾಗ ದಾರಿಯಲ್ಲೇ ಎಲ್ಲೋ ಇಳಿದುಹೋಯಿತು, ವಾರಿಜಕ್ಕನಿಂದ ಲ್ಯಾಬು ಹಾಳಾಯಿತು ಎಂಬ ಭಾಗ ಮೂಡುಬಿದಿರೆಯವರೆಗೂ ತಲುಪಿತು. ಮೂರು ಹೈಸ್ಕೂಲಿನವರು ಮರು ವರ್ಷ ಪಟ್ಟಿಯನ್ನೇ ಕಳಿಸಲಿಲ್ಲ. ಕೇಳಿದರೆ "ನೋಡುವ" ಎಂದರು. ನಮ್ಮ ಕಡೆ "ನೋಡುವ" ಎಂದರೆ ಇಲ್ಲ ಎಂದರ್ಥ.

ಅಕ್ಟೋಬರಿನಲ್ಲಿ ಮಳೆ ಬಿಟ್ಟ ಮೇಲೆ ಒಂದು ದಿನ ರಿಫಾ ಅಂಗಡಿಗೆ ಬಂದಳು. ಹತ್ತಿರದಲ್ಲಿ ನೆಂಟರ ಮನೆಗೆ ಬಂದವಳು ಹಾಗೇ ಬಂದೆ ಎಂದಳು. ಗೆರೆ ಎಳೆದದ್ದು ನಾನೇ ಎಂದು ಅವಳಿಗೆ ಹೇಳಿದೆ. "ಗೊತ್ತುಂಟು, ಗುಲಾಬಿಯಕ್ಕ ಹೇಳಿದ್ರು" ಎಂದಳು. ಕೋಪವೇನೂ ಕಾಣಲಿಲ್ಲ. ಅಲಮಾರಿನ ಬಾಟಲಿಗಳನ್ನು ಒಂದೊಂದಾಗಿ ಓದುತ್ತಾ ನಿಂತಿದ್ದಳು.

"ವಾರ್ಷಿಕ ಪರೀಕ್ಷೆಗೆ ಹೆದರ್ಬೇಡ" ಎಂದೆ. "ಶುದ್ಧ ನೀರು ತರಿಸಿದ್ದಾರಂತೆ. ಇನ್ನು ನಿನಗೆ ಕಂಡದ್ದೇ ಸರಿ ಬರ್ತದೆ."

"ಇಲ್ಲ ಅಕ್ಕಾ," ಎಂದಳು ಅವಳು, ಬಾಟಲಿಯಿಂದ ಕಣ್ಣು ತೆಗೆಯದೆ. "ನಾನು ಈಗ ಮುಚ್ಚಳದ ಬಣ್ಣ ಎಲ್ಲ ಬಾಯಿಪಾಠ ಮಾಡಿದ್ದೇನೆ."

ನಾನು ಕಾಲೇಜು ಕಳೆದುಕೊಂಡದ್ದಕ್ಕೆ ಇಷ್ಟು ಉರಿದಿರಲಿಲ್ಲ.

ಇಷ್ಟು ಬರೆದದ್ದು ಅಳಲಿಕ್ಕಲ್ಲ. ನಿಮ್ಮಲ್ಲಿ ಯಾರಾದರೂ ಲ್ಯಾಬು ನಡೆಸುವವರಿದ್ದರೆ, ಮಳೆಗಾಲದಲ್ಲಿ ಬಾವಿಗೆ ಪುಡಿ ಬಿದ್ದ ಮರುದಿನ ಬೆಳಿಗ್ಗೆ ಒಂದು ತೊಳೆದ ಪ್ರನಾಳದಲ್ಲಿ ಬರೀ ನೀರು ತೆಗೆದು ಮೊದಲು ಅದನ್ನು ಪರೀಕ್ಷಿಸಿ. ಎರಡು ನಿಮಿಷದ ಕೆಲಸ. ಬೆಳ್ಳಗಾದರೆ ಆ ನೀರಿನಿಂದ ಒಂದು ಚಿಟಿಕೆ ಉಪ್ಪನ್ನೂ ಕರಗಿಸಬೇಡಿ. ಪ್ರನಾಳವನ್ನೂ ಕೊನೆಯ ಸಲ ಶುದ್ಧ ನೀರಿನಿಂದಲೇ ತೊಳೆಯಿರಿ. ಸಾಮಾನು ಕೊಳ್ಳುವವರಿದ್ದರೆ ದರವನ್ನು ಎಷ್ಟು ಬೇಕಾದರೂ ಎಳೆಯಿರಿ, ನನ್ನಂಥವಳು ಪಟ್ಟಿಯಿಂದ ಒಂದು ಸಾಲು ಹೊಡೆದರೆ ಮಾತ್ರ ಅದು ಯಾಕೆ ಅಲ್ಲಿತ್ತು ಎಂದು ಲ್ಯಾಬಿನಲ್ಲಿ ಕೈ ಒದ್ದೆ ಮಾಡಿಕೊಳ್ಳುವವರನ್ನು ಕರೆದು ಕೇಳಿ, ಆಮೇಲೆ ಸಹಿ ಹಾಕಿ. ಇನ್ನು ಉತ್ತರ ಪತ್ರಿಕೆ ತಿದ್ದುವವರಿಗೆ ಒಂದು ಮಾತು. ಮೂವತ್ತೆಂಟು ಪುಸ್ತಕದಲ್ಲಿ ಒಂದೇ ಮಾತಿದ್ದು ಒಂದರಲ್ಲಿ ಬೇರೆ ಕಂಡರೆ, ಕೆಂಪು ಪೆನ್ನನ್ನು ಕಿಸೆಗೆ ಹಾಕಿ, ಆ ಒಂದು ಪುಸ್ತಕದ ಮಗುವನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಅದರ ಕೈಯಿಂದಲೇ ಇನ್ನೊಮ್ಮೆ ಮಾಡಿಸಿ. ಅಂಕ ಹಾಕುವುದಿದ್ದರೆ ಅವತ್ತೇ, ಅಲ್ಲೇ, ಹಾಕಿಬಿಡಿ. ನಾಳೆಗೆ ಬಿಟ್ಟರೆ ಆ ಮಗು ನೋಡುವುದನ್ನೇ ಬಿಟ್ಟಿರುತ್ತದೆ.